ಮೋಟಾರಿಗೊಂದು ಗೋದಲಿ

ವಿದ್ಯುತ್ ಮೋಟಾರು ಇಟ್ಟುಕೊಂಡವನನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ‘ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆ?’ ಎಂಬುದು ಒಂದು. ‘ಚಾರ್ಜಾಗಲು ಎಷ್ಟು ಹೊತ್ತು ಬೇಕು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಂದು ಅಂಕಿಯನ್ನು ಹೇಳಿ ಮುಗಿಸಬಹುದು. ಎರಡನೆಯದಕ್ಕೆ ನನ್ನಲ್ಲಿ ಮೂರು ಉತ್ತರಗಳಿವೆ. ‘ಹದಿನಾಲ್ಕು ಗಂಟೆ’ ಎಂದರೆ ಕೇಳಿದವರಿಗೆ ನನ್ನ ಮೇಲೆ ಮರುಕ ಹುಟ್ಟುತ್ತದೆ. ‘ಒಂದು ಗಂಟೆ’ ಎಂದರೆ ನಂಬಿಕೆ ಬರುವುದಿಲ್ಲ. ‘ಅರ್ಧ ನಿಮಿಷ’ ಎಂದರೆ ಹಾಸ್ಯವೆಂದು ಭಾವಿಸಿ ನಕ್ಕುಬಿಡುತ್ತಾರೆ. ಮೂರೂ ದಿಟವೇ. ಬರಿದಾದ ಬ್ಯಾಟರಿ ಮನೆಯ ಗೋಡೆಯ ಪ್ಲಗ್ಗಿನಿಂದ ಪೂರ್ತಿ ತುಂಬಬೇಕಾದರೆ ಹದಿನಾಲ್ಕು ಗಂಟೆ ಹಿಡಿಯುತ್ತದೆ. ಹೆದ್ದಾರಿಯ ಪಕ್ಕದ ದೊಡ್ಡ ಯಂತ್ರದಿಂದ ಮುಕ್ಕಾಲು ಪಾಲು ತುಂಬಲು ಒಂದು ಗಂಟೆ ಸಾಕು. ಇನ್ನು ನನ್ನ ಸ್ವಂತ ಹೊತ್ತಿನಲ್ಲಿ ಈ ಕೆಲಸಕ್ಕೆ ವ್ಯಯವಾಗುವುದು, ರಾತ್ರಿ ತಂತಿಯನ್ನು ಸಿಕ್ಕಿಸಿ ಬೆಳಗ್ಗೆ ಅದನ್ನು ಕೀಳುವ ಅರ್ಧ ನಿಮಿಷ ಮಾತ್ರ.

ಈ ಪ್ರಶ್ನೆಯ ಬೇರು ಪೆಟ್ರೋಲಿನ ಅಭ್ಯಾಸದಲ್ಲಿದೆ. ಪೆಟ್ರೋಲು ಊರಿನ ಯಾವುದೋ ಮೂಲೆಯಲ್ಲಿ ನೆಲದ ಕೆಳಗಿನ ತೊಟ್ಟಿಯಲ್ಲಿ ಇರುತ್ತದೆ. ಗಾಡಿ ಅದನ್ನು ಹುಡುಕಿಕೊಂಡು ಹೋಗಬೇಕು. ಹೋದಮೇಲೆ ಅಲ್ಲಿ ನಿಂತು ಕಾಯಬೇಕಾದ್ದರಿಂದ ಎಷ್ಟು ಹೊತ್ತು ಎಂಬ ಮಾತಿಗೆ ಅಲ್ಲಿ ಅರ್ಥವುಂಟು. ವಿದ್ಯುಚ್ಛಕ್ತಿಯ ರೀತಿ ಬೇರೆ. ಅದು ಆಗಲೇ ನಮ್ಮ ಮನೆಯ ಗೋಡೆಯವರೆಗೆ ಬಂದು ನಿಂತಿದೆ. ವಿದ್ಯುತ್ ಗಾಡಿ ಈ ವಿಷಯದಲ್ಲಿ ಪೆಟ್ರೋಲು ಗಾಡಿಯ ತಮ್ಮನಲ್ಲ, ಎತ್ತಿನ ಗಾಡಿಯ ಮೊಮ್ಮಗ. ಎತ್ತು ಕಟ್ಟಿದ ಕಡೆಯೇ ಮೇಯುತ್ತದೆ. ಹೊತ್ತು ಮುಳುಗಿದ ಮೇಲೆ ಗೋದಲಿಗೆ ಹುಲ್ಲು ಹಾಕಿ ಒಳಗೆ ಹೋಗಿ ಮಲಗಿದ ರೈತನನ್ನು, ‘ನಿನ್ನ ಎತ್ತು ಮೇಯಲು ಎಷ್ಟು ಗಂಟೆ ಬೇಕು?’ ಎಂದು ಯಾರೂ ಕೇಳಿದ್ದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ‘ನಿನಗೆ ಕೊಟ್ಟಿಗೆ ಇದೆಯೆ?’ ಮನೆಯಲ್ಲೂ ಬೀದಿಯಲ್ಲೂ ಗಾಡಿಗೆ ವಿದ್ಯುತ್ತು ತುಂಬುವ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಕೊನೆಗೆ ಈ ಪ್ರಶ್ನೆಗೆ ಬರುತ್ತೇನೆ.

ಹಳೆಯ ಕಥೆ

ಈ ಗಾಡಿ ನಿನ್ನೆ ಮೊನ್ನೆಯದೆಂದು ತಿಳಿಯಬೇಕಾಗಿಲ್ಲ. ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಬ್ಯಾಟರಿಯನ್ನು ಕಂಡುಹಿಡಿದ. ಖಾಲಿಯಾದರೆ ಮತ್ತೆ ತುಂಬಿಸಬಹುದಾದ ಬ್ಯಾಟರಿ ಅದರಿಂದ ಲೋಕಕ್ಕೆ ದೊರಕಿತು. ೧೮೯೯ರಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಗಡಿಯನ್ನು ಮೊಟ್ಟಮೊದಲು ದಾಟಿದ ಮೋಟಾರು ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಓಡಿಸಿದ ವಿದ್ಯುತ್ ಗಾಡಿಯೇ. ೧೯೦೦ರ ಸುಮಾರಿಗೆ ಅಮೆರಿಕದ ಬೀದಿಗಳಲ್ಲಿದ್ದ ಮೋಟಾರುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ವಿದ್ಯುತ್ತಿನವು. ಆ ಕಾಲದಲ್ಲಿ ಅನುಕೂಲಸ್ಥರ ಗಾಡಿಮನೆಗಳಲ್ಲಿ ಪಾದರಸದ ಆವಿ ತುಂಬಿದ ಗಾಜಿನ ಬುರುಡೆಯೊಂದನ್ನು ಇಟ್ಟುಕೊಳ್ಳುತ್ತಿದ್ದರು. ನೀಲಿ ಹಸಿರು ಬೆಳಕನ್ನು ಬೀರುತ್ತ ಅದು ಊರಿನ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವಂತೆ ಮಾರ್ಪಡಿಸಿ ಕೊಡುತ್ತಿತ್ತು. ಮನೆಯಲ್ಲಿ ಚಾರ್ಜು ಮಾಡುವ ಪದ್ಧತಿಗೆ ಹೀಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ಆಮೇಲೆ ಅಗ್ಗದ ಪೆಟ್ರೋಲು ಬಂತು, ಫೋರ್ಡನ ಅಗ್ಗದ ಗಾಡಿ ಬಂತು. ೧೯೧೨ರಲ್ಲಿ ಕೈಯಿಂದ ತಿರುಗಿಸದೆಯೇ ಎಂಜಿನ್ನನ್ನು ಎಬ್ಬಿಸುವ ಸಾಧನವೂ ಬಂತು. ವಿದ್ಯುತ್ ಗಾಡಿ ಮೂಲೆ ಸೇರಿತು.

ನಮ್ಮ ನಾಡಿನ ನಂಟೂ ಇದಕ್ಕಿದೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿಯಿತು. ಅದೇ ಬೆಂಗಳೂರಿನಲ್ಲಿ ೨೦೦೧ರಲ್ಲಿ ಚೇತನ್ ಮೈನಿಯವರ ‘ರೇವಾ’ ಎಂಬ ಪುಟ್ಟ ವಿದ್ಯುತ್ ಗಾಡಿ ಮಾರಾಟಕ್ಕೆ ಬಂದಿತು. ಸೀಸದ ಬ್ಯಾಟರಿಯ ಆ ಗಾಡಿ ಸಾಮಾನ್ಯ ೧೫ ಆಂಪಿಯರಿನ ಪ್ಲಗ್ಗಿನಿಂದ ಎಂಟು ಗಂಟೆ ಮೇದು ಎಂಬತ್ತು ಕಿಲೋಮೀಟರಿನಷ್ಟು ಓಡುತ್ತಿತ್ತು. ಲಂಡನ್ನಿನ ಬೀದಿಗಳಿಗೂ ಹೋಗಿ ಅಲ್ಲಿ ‘ಜಿ-ವಿಜ್’ ಎನಿಸಿಕೊಂಡಿತು. ಗಾಡಿಯನ್ನು ಕಂಡು ನಕ್ಕವರು ಬಹಳ. ಆದರೆ ಮನೆಯ ಗೋಡೆಯೇ ಪೆಟ್ರೋಲು ಬಂಕೆಂಬ ಪಾಠವನ್ನು ನಮ್ಮ ಊರಿಗೆ ಮೊದಲು ಹೇಳಿಕೊಟ್ಟದ್ದು ಅದೇ. ೨೦೧೭ರಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೇ.

ಮನೆಯ ಗೋಡೆಯಿಂದ

ಮನೆಗೆ ಬರುವ ವಿದ್ಯುತ್ತು ಎ.ಸಿ. ಜಾತಿಯದು. ಸೆಕೆಂಡಿಗೆ ಐವತ್ತು ಆವರ್ತದಂತೆ ಅದು ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿರುತ್ತದೆ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಇವೆರಡರ ನಡುವೆ ದುಭಾಷಿಯ ಕೆಲಸ ಮಾಡುವ ಉಪಕರಣವೇ ನಿಜವಾದ ಚಾರ್ಜರು. ಹಿಂದಿನ ಪಾದರಸದ ಬುರುಡೆ ಮಾಡುತ್ತಿದ್ದುದೂ ಇದನ್ನೇ. ಈಗ ಅದು ಗಾಡಿಯ ಹೊಟ್ಟೆಯೊಳಗೇ ಅಡಗಿದೆ. ನಾವು ಚಾರ್ಜರೆಂದು ಕರೆದು ಗೋಡೆಗೆ ತೂಗುಹಾಕುವ ಪೆಟ್ಟಿಗೆ ಬರಿಯ ಬಾಗಿಲು ಕಾಯುವವನು. ಆದರೂ ಅವನ ಕೆಲಸ ಸಣ್ಣದಲ್ಲ. ತಂತಿಯ ತುದಿಯಲ್ಲಿರುವ, ಜನ ‘ಗನ್ನು’ ಎಂದು ಕರೆಯುವ ಹಿಡಿಕೆಯನ್ನು ಗಾಡಿಗೆ ಸಿಕ್ಕಿಸಿದೊಡನೆ ವಿದ್ಯುತ್ತು ನುಗ್ಗುವುದಿಲ್ಲ. ಮೊದಲು ಗಾಡಿಗೂ ಪೆಟ್ಟಿಗೆಗೂ ಒಂದು ಸಣ್ಣ ತಂತಿಯ ಮೂಲಕ ಉಭಯಕುಶಲೋಪರಿ ನಡೆಯುತ್ತದೆ. ‘ನಾನು ಇಷ್ಟು ಆಂಪಿಯರು ಕೊಡಬಲ್ಲೆ’ ಎಂದು ಪೆಟ್ಟಿಗೆ ಸಂಕೇತದಲ್ಲಿ ತಿಳಿಸುತ್ತದೆ. ‘ನಾನು ಸಿದ್ಧ’ ಎಂದು ಗಾಡಿ ಮರುನುಡಿಯುತ್ತದೆ. ಅರ್ತಿಂಗ್ ಸರಿಯಾಗಿದೆಯೆಂದು ಖಚಿತವಾದ ಮೇಲೆಯೇ ಒಳಗಿನ ಬಾಗಿಲು ತೆರೆಯುತ್ತದೆ. ಮಳೆಯಲ್ಲಿ ಗನ್ನು ಹಿಡಿಯಲು ಅಂಜುವವರು ಇದನ್ನು ನೆನೆಯಬೇಕು: ಜೋಡಣೆ ಪೂರ್ತಿಯಾಗುವವರೆಗೆ ಅದರ ತುದಿಯಲ್ಲಿ ಅಪಾಯದ ವಿದ್ಯುತ್ತೇ ಇರುವುದಿಲ್ಲ. ಗೋಡೆಯ ಪ್ಲಗ್ಗನ್ನು ಮಾತ್ರ ನೀರು ತಾಗದ ಕಡೆ ಇಡಬೇಕು.

ಇನ್ನು ಲೆಕ್ಕ. ಒಂದು ಕಿಲೋವಾಟು ಒಂದು ಗಂಟೆ ಹರಿದರೆ ಒಂದು ಯೂನಿಟ್ಟು. ವಿದ್ಯುತ್ ಬಿಲ್ಲಿನಲ್ಲಿ ನಾವು ತಿಂಗಳೂ ನೋಡುವ ಯೂನಿಟ್ಟೇ ಇದು. ನಮ್ಮ ಮನೆಗಳ ಒತ್ತಡ ೨೩೦ ವೋಲ್ಟು. ಗೀಸರಿಗೂ ಇಸ್ತ್ರಿಪೆಟ್ಟಿಗೆಗೂ ಬಳಸುವ ಮೂರು ಕಣ್ಣಿನ ದೊಡ್ಡ ಪ್ಲಗ್ಗು ೧೫ ಆಂಪಿಯರು ಕೊಡಬಲ್ಲುದು. ಎರಡನ್ನೂ ಗುಣಿಸಿದರೆ ೩,೪೫೦ ವಾಟು. ಗಾಡಿಗೆ ಸಿಕ್ಕುವುದು ಸುಮಾರು ೩.೩ ಕಿಲೋವಾಟು. ನಲವತ್ತು ಯೂನಿಟ್ಟಿನ ಬ್ಯಾಟರಿ ತುಂಬಲು, ದಾರಿಯಲ್ಲಿ ಶಾಖವಾಗಿ ಸೋರುವುದೂ ಸೇರಿ, ನಲವತ್ತೈದು ಯೂನಿಟ್ಟು ಬೇಕೆಂದಿಟ್ಟುಕೊಳ್ಳಿ. ಹದಿನಾಲ್ಕು ಗಂಟೆಯ ಲೆಕ್ಕ ಬಂದದ್ದು ಹೀಗೆ. ಗೋಡೆಗೆ ಕಾಯಂ ಆಗಿ ಕೂರಿಸುವ ೩೨ ಆಂಪಿಯರಿನ ಪೆಟ್ಟಿಗೆಯಿದ್ದು, ಗಾಡಿಯೂ ಅಷ್ಟನ್ನು ಕೊಳ್ಳಬಲ್ಲುದಾದರೆ, ಸುಮಾರು ೭.೨ ಕಿಲೋವಾಟು ದೊರೆಯುತ್ತದೆ. ಆರು ಗಂಟೆ ಚಿಲ್ಲರೆಯಲ್ಲಿ ಕೆಲಸ ಮುಗಿಯುತ್ತದೆ. ಮೂರು ಫೇಸಿನ ಸರಬರಾಜಿರುವಲ್ಲಿ ೧೧ ಕಿಲೋವಾಟಿನ ಪೆಟ್ಟಿಗೆಯೂ ಉಂಟು.

ಆದರೆ ದಿನವೂ ಬರಿದಾದ ಬ್ಯಾಟರಿಯನ್ನು ತುಂಬುವವರು ಯಾರು? ಊರೊಳಗೆ ದಿನಕ್ಕೆ ನಲವತ್ತು ಕಿಲೋಮೀಟರು ಓಡಾಡುವುದೆಂದರೆ ಕಡಮೆಯಲ್ಲ. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರಿನಂತೆ ಇದಕ್ಕೆ ಬೇಕಾದುದು ಆರೇಳು ಯೂನಿಟ್ಟು. ಸಾಮಾನ್ಯ ಪ್ಲಗ್ಗಿನಿಂದಲೇ ಎರಡು ಗಂಟೆಯ ಕೆಲಸ. ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೂ ಐವತ್ತು ರೂಪಾಯಿಯೊಳಗೆ ದಿನದ ಪ್ರಯಾಣ ಮುಗಿಯುತ್ತದೆ. ಲೀಟರಿಗೆ ಹದಿನೈದು ಕಿಲೋಮೀಟರು ಕೊಡುವ ಪೆಟ್ರೋಲು ಗಾಡಿಗೆ, ಲೀಟರಿಗೆ ನೂರು ರೂಪಾಯಿಯಂತೆ, ಇಷ್ಟೇ ದೂರಕ್ಕೆ ಸುಮಾರು ಇನ್ನೂರ ಅರವತ್ತೇಳು ರೂಪಾಯಿ ಬೇಕು. ಎರಡು ಗಂಟೆಯ ಕೆಲಸಕ್ಕಾಗಿ ದೊಡ್ಡ ಪೆಟ್ಟಿಗೆ ಕೂರಿಸಬೇಕೆ ಎಂಬುದನ್ನು ಅವರವರೇ ಯೋಚಿಸಬೇಕು. ನಾನಂತೂ ಸಾಮಾನ್ಯ ಪ್ಲಗ್ಗಿನಲ್ಲಿಯೇ ಸುಖವಾಗಿದ್ದೇನೆ.

ಸಾಮಾನ್ಯ ಪ್ಲಗ್ಗು ಎಂದೆನಲ್ಲ, ಅಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಗೀಸರು ಕಾಲು ಗಂಟೆ ಉರಿದು ನಿಲ್ಲುತ್ತದೆ. ಗಾಡಿ ಗಂಟೆಗಟ್ಟಲೆ ಎಡೆಬಿಡದೆ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದದ್ದೆಂದು ಶಾಲೆಯಲ್ಲಿ ಜೌಲನ ನಿಯಮವನ್ನು ಓದಿದವರಿಗೆ ನೆನಪಿರಬಹುದು. ಆಂಪಿಯರು ಇಮ್ಮಡಿಯಾದರೆ ಶಾಖ ನಾಲ್ಮಡಿ. ಸಡಿಲವಾದ ಒಂದು ತಿರುಪು, ತುಕ್ಕು ಹಿಡಿದ ಒಂದು ಹಿತ್ತಾಳೆಯ ಪಟ್ಟಿ, ಸುರುಳಿ ಸುತ್ತಿಟ್ಟ ಒಂದು ಎಕ್ಸ್‌ಟೆನ್ಷನ್ ತಂತಿ, ಇಷ್ಟು ಸಾಕು ಪ್ಲಗ್ಗು ಕರಗಲು. ಆದ್ದರಿಂದ ಮೀಟರು ಹಲಗೆಯಿಂದ ಗಾಡಿ ನಿಲ್ಲುವ ಜಾಗಕ್ಕೆ ಪ್ರತ್ಯೇಕವಾದ ತಾಮ್ರದ ತಂತಿಯನ್ನು ಎಳೆಸಬೇಕು. ೧೫ ಆಂಪಿಯರಿಗೆ ನಾಲ್ಕು ಚದರ ಮಿಲಿಮೀಟರಿನ ದಪ್ಪವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೆ ತನ್ನದೇ ಆದ ಬ್ರೇಕರು, ಜೊತೆಗೆ ಮೂವತ್ತು ಮಿಲಿ ಆಂಪಿಯರು ಸೋರಿದರೂ ಸರಬರಾಜನ್ನು ಕಡಿದುಹಾಕುವ ರಕ್ಷಕ ಸ್ವಿಚ್ಚು ಇರಬೇಕು. ಮೊದಲ ಕೆಲವು ದಿನ ಗಂಟೆಗೊಮ್ಮೆ ಪ್ಲಗ್ಗನ್ನು ಮುಟ್ಟಿನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಯಿಸಿ.

ಅರ್ತಿಂಗಿನ ವಿಷಯ ಇನ್ನೂ ಮುಖ್ಯ. ನಮ್ಮ ಹಳೆಯ ಮನೆಗಳಲ್ಲಿ ಇದ್ದಿಲು ಉಪ್ಪು ಹಾಕಿ ಹೂತ ಗುಂಡಿ ಎಲ್ಲಿದೆಯೆಂಬುದೇ ಎಷ್ಟೋ ಜನಕ್ಕೆ ತಿಳಿಯದು. ಬೇಸಗೆಯಲ್ಲಿ ಅದು ಒಣಗಿ ನೆಲದ ನಂಟನ್ನು ಕಳೆದುಕೊಂಡಿರುತ್ತದೆ. ಗೀಸರು, ಫ್ರಿಜ್ಜು ಇವುಗಳು ಅದನ್ನು ಗಮನಿಸದೆ ಕೆಲಸ ಮಾಡುತ್ತವೆ. ಗಾಡಿಯ ಪೆಟ್ಟಿಗೆ ಮಾತ್ರ ಕೆಂಪು ದೀಪ ಹಚ್ಚಿ ಹಟ ಹಿಡಿದು ನಿಲ್ಲುತ್ತದೆ. ಆಗ ಕೆಲವರು ಒಂದು ಸುಲಭೋಪಾಯ ಹೇಳುತ್ತಾರೆ: ‘ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ತಂತಿ ಸೇರಿಸಿಬಿಡೋಣ ಸಾರ್, ದೀಪ ಹಸಿರಾಗುತ್ತೆ.’ ದೀಪವೇನೋ ಹಸಿರಾಗುತ್ತದೆ. ಆದರೆ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದ ದಿನ ಗಾಡಿಯ ಮೈಯೆಲ್ಲ ವಿದ್ಯುತ್ತಾಗಿ, ಮುಟ್ಟಿದ ಮಗುವಿನ ಪ್ರಾಣಕ್ಕೆ ಕುತ್ತಾದೀತು. ಕಾವಲುಗಾರನ ಕಣ್ಣು ಕಟ್ಟಿ ಮನೆಯನ್ನು ಕಾಯಿಸಿದಂತಾಯಿತು ಇದು. ಗುಂಡಿಗೆ ನೀರು ಹೊಯ್ಯಿಸಿ. ಆಗದಿದ್ದರೆ ಹೊಸ ಗುಂಡಿ ತೋಡಿಸಿ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ವಿದ್ಯುತ್ತಿಗೂ ಸಲ್ಲುತ್ತದೆ. ಪ್ರತಿ ಮನೆಗೂ ಇಷ್ಟು ಕಿಲೋವಾಟೆಂದು ಮಂಜೂರಾದ ಲೋಡು ಇರುತ್ತದೆ. ಬಿಲ್ಲಿನಲ್ಲಿಯೇ ಅದನ್ನು ಅಚ್ಚು ಮಾಡಿರುತ್ತಾರೆ. ಮೂರು ಕಿಲೋವಾಟಿನ ಮನೆಯಲ್ಲಿ ಗಾಡಿ, ಗೀಸರು, ನೀರಿನ ಪಂಪು ಮೂರೂ ಒಮ್ಮೆಗೇ ಓಡಲಾರವು. ಅರ್ಜಿ ಹಾಕಿ ಲೋಡನ್ನು ಹೆಚ್ಚಿಸಿಕೊಳ್ಳಬಹುದು. ಇಲ್ಲವೆ ಮನೆಮಂದಿ ಮಲಗಿದ ಮೇಲೆ ಗಾಡಿ ಮೇಯುವಂತೆ ಹೊತ್ತು ಗೊತ್ತುಮಾಡಬಹುದು. ಹೆಚ್ಚಿನ ಗಾಡಿಗಳಲ್ಲಿ ಆ ಏರ್ಪಾಟು ಇದೆ.

ನೂರಕ್ಕೆ ಎಂಬತ್ತು

ಗಾಡಿ ಇಟ್ಟುಕೊಂಡವರು ‘ಎಂಬತ್ತರವರೆಗೆ ಸಾಕು’ ಎನ್ನುವುದನ್ನು ಕೇಳಿರಬಹುದು. ಅದೇನು ಮೂಢನಂಬಿಕೆಯಲ್ಲ. ಇಂದಿನ ಗಾಡಿಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಇದಕ್ಕೆ ತಳಹದಿ ಹಾಕಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಷಿನೋ ಎಂಬ ಮೂವರಿಗೆ ೨೦೧೯ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಚಾರ್ಜಾಗುವಾಗ ಲಿಥಿಯಮ್ಮಿನ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಗ್ರಾಫೈಟಿನ ಪದರಗಳ ಸಂದಿಯಲ್ಲಿ ಹೋಗಿ ಕೂರುತ್ತವೆ. ಜಾತ್ರೆಯ ಬಸ್ಸನ್ನು ನೆನೆದುಕೊಳ್ಳಿ. ಮೊದಲು ಹತ್ತಿದವರು ಸರಸರನೆ ಹೋಗಿ ಕೂರುತ್ತಾರೆ. ಬಸ್ಸು ತುಂಬುತ್ತ ಬಂದಂತೆ ಹೊಸಬರು ಸಂದಿ ಹುಡುಕಬೇಕು, ‘ಸ್ವಲ್ಪ ಸರಿಯಿರಿ’ ಎನ್ನಬೇಕು. ಆಗಲೂ ಹಿಂದಿನಿಂದ ಅದೇ ರಭಸದಲ್ಲಿ ನೂಕಿದರೆ ಬಾಗಿಲಲ್ಲಿ ತುಳಿದಾಟವಾಗುತ್ತದೆ. ಬ್ಯಾಟರಿಯಲ್ಲಾದರೆ ಅಯಾನುಗಳು ಪದರದೊಳಗೆ ಹೋಗದೆ ಹೊರಗೇ ಲೋಹವಾಗಿ ಅಂಟಿಕೊಂಡು ಅದರ ಆಯುಷ್ಯವನ್ನು ತಿನ್ನುತ್ತವೆ. ಇದನ್ನು ತಪ್ಪಿಸಲೆಂದೇ ಎಂಬತ್ತರ ಆಸುಪಾಸಿನಲ್ಲಿ ಗಾಡಿ ತಾನಾಗಿ ವೇಗವನ್ನು ತಗ್ಗಿಸುತ್ತದೆ. ವೇಗದ ಯಂತ್ರದಲ್ಲಿ ಕೊನೆಯ ಇಪ್ಪತ್ತು ಪಾಲಿಗೆ ಮೊದಲಿನ ಅರವತ್ತು ಪಾಲಿನಷ್ಟೇ ಹೊತ್ತು ಹಿಡಿಯುವುದುಂಟು. ಮನೆಯ ನಿಧಾನದ ವಿದ್ಯುತ್ತಿನಲ್ಲಿ ಈ ನೂಕುನುಗ್ಗಲು ಇಲ್ಲ. ಬ್ಯಾಟರಿಯ ಆರೋಗ್ಯಕ್ಕೆ ಮನೆಯೂಟವೇ ಮೇಲು. ಆದರೆ ಬ್ಯಾಟರಿಗಳಲ್ಲಿಯೂ ಜಾತಿಗಳಿವೆ. ಕಬ್ಬಿಣ ಮತ್ತು ಫಾಸ್ಫೇಟಿನ ಜಾತಿಯದನ್ನು ಆಗಾಗ ಪೂರ್ತಿ ತುಂಬಿಸಿರೆಂದು ತಯಾರಕರೇ ಹೇಳುತ್ತಾರೆ. ನಿಕ್ಕಲ್ಲಿನ ಜಾತಿಯದನ್ನು ದಿನನಿತ್ಯ ಎಂಬತ್ತಕ್ಕೆ ನಿಲ್ಲಿಸುವುದು ಒಳ್ಳೆಯದು. ಗಾಡಿಯ ಜೊತೆಗೆ ಬಂದ ಪುಸ್ತಕವನ್ನು ಓದಬೇಕು.

ದಾರಿಯ ಅರವಟ್ಟಿಗೆ

ಮನೆಯಿಂದ ದೂರ ಹೋದಾಗ ಬೇಕಾಗುವುದು ಸಾರ್ವಜನಿಕ ಚಾರ್ಜಿಂಗ್ ಕೇಂದ್ರ. ಇವುಗಳಲ್ಲಿ ಎರಡು ಬಗೆ. ಅಂಗಡಿ ಮಾಳಿಗೆ, ಕಛೇರಿಗಳಲ್ಲಿ ಕಾಣುವುದು ಮನೆಯದರಂತೆಯೇ ನಿಧಾನದ ಎ.ಸಿ. ಪೆಟ್ಟಿಗೆ. ಹೆದ್ದಾರಿಯ ಬದಿಯಲ್ಲಿ ಬೀರುವಿನಂತೆ ನಿಂತಿರುವುದು ಡಿ.ಸಿ. ಯಂತ್ರ. ಇಲ್ಲಿ ಮಾರ್ಪಡಿಸುವ ಕೆಲಸ ಗಾಡಿಯ ಹೊರಗೇ ಆಗಿ, ವಿದ್ಯುತ್ತು ನೇರವಾಗಿ ಬ್ಯಾಟರಿಗೆ ಹರಿಯುತ್ತದೆ. ಮೂವತ್ತು, ಅರವತ್ತು, ನೂರಿಪ್ಪತ್ತು ಕಿಲೋವಾಟಿನ ಯಂತ್ರಗಳಿವೆ. ಯಂತ್ರ ದೊಡ್ಡದೆಂದು ಹಿಗ್ಗಬೇಕಾಗಿಲ್ಲ. ಹೂಜಿಯ ಬಾಯಿ ಎಷ್ಟಗಲವೋ ಅಷ್ಟೇ ನೀರು. ಐವತ್ತು ಕಿಲೋವಾಟು ಕುಡಿಯಬಲ್ಲ ಗಾಡಿ ನೂರಿಪ್ಪತ್ತರ ಯಂತ್ರದಲ್ಲಿಯೂ ಐವತ್ತನ್ನೇ ಕುಡಿಯುತ್ತದೆ. ಒಂದೇ ಯಂತ್ರಕ್ಕೆ ಎರಡು ಗನ್ನುಗಳಿದ್ದು ಎರಡರಲ್ಲೂ ಗಾಡಿಗಳಿದ್ದರೆ ಶಕ್ತಿ ಹಂಚಿಹೋಗುವುದೂ ಉಂಟು. ಗನ್ನಿನ ಆಕಾರದ ವಿಷಯದಲ್ಲಿ ಈಗ ಗೊಂದಲ ಕಡಮೆಯಾಗಿದೆ. ನಮ್ಮಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಇರುವುದು ಸಿ.ಸಿ.ಎಸ್. ೨ ಎಂಬ ಬಗೆ: ಮೇಲೆ ಎ.ಸಿ.ಯ ಏಳು ಕಣ್ಣು, ಕೆಳಗೆ ಡಿ.ಸಿ.ಯ ಎರಡು ದಪ್ಪ ಕಣ್ಣು.

ಹಣ ಕೊಡುವ ಕ್ರಮವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೆಚ್ಚಿನ ಕೇಂದ್ರಗಳಲ್ಲಿ ಆಳುಗಳಿಲ್ಲ. ಕಂಪನಿಗೊಂದರಂತೆ ಆ್ಯಪ್ ಇದೆ; ಅದನ್ನು ಫೋನಿನಲ್ಲಿ ಇಳಿಸಿಕೊಂಡು, ಅದರ ಥೈಲಿಗೆ ಮುಂಗಡವಾಗಿ ಹಣ ಹಾಕಿ, ಯಂತ್ರದ ಮೇಲಿನ ಚೌಕದ ಗುರುತನ್ನು ಫೋನಿಗೆ ತೋರಿಸಬೇಕು. ಫೋನಿಗೆ ಸಂಪರ್ಕ ಸಿಗದ ನೆಲಮಾಳಿಗೆಯಲ್ಲಿ ಈ ಕೆಲಸಕ್ಕೆ ತೊಡಗುವುದು ವ್ಯರ್ಥ. ಹೊರಡುವ ಹಿಂದಿನ ರಾತ್ರಿಯೇ ಎರಡು ಮೂರು ಆ್ಯಪ್‌ಗಳನ್ನು ಸಿದ್ಧಮಾಡಿಕೊಂಡಿರುವವನು ಜಾಣ. ಯಂತ್ರ ಸರಿಯಾಗಿದೆಯೆ ಎಂಬುದಕ್ಕೆ ಹಿಂದಿನ ಬಳಕೆದಾರರು ನಿನ್ನೆ ಮೊನ್ನೆ ಬರೆದಿಟ್ಟ ಮಾತು, ಕಂಪನಿಯ ಹಸಿರು ಚುಕ್ಕೆಗಿಂತ ನಂಬಿಕೆಗೆ ಅರ್ಹ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ಮುನ್ನೂರು ಕಿಲೋಮೀಟರಿನಷ್ಟು ದಾರಿ. ನಡುವೆ ಒಂದು ಸಲ ಮೇಯಿಸಿದರೆ ಸಾಕು. ತಿಪಟೂರು ದಾಟಿದ ಮೇಲೆ ಒಂದು ಹೋಟೆಲಿನ ಅಂಗಳದಲ್ಲಿ ಯಂತ್ರವಿತ್ತು. ಅದರ ಮುಖದಲ್ಲಿ ಬೆಳಕಿರಲಿಲ್ಲ. ಮುಂದಿನ ಕೇಂದ್ರಕ್ಕೆ ಸಾಕಾಗುವಷ್ಟನ್ನು ಉಳಿಸಿಕೊಂಡೇ ನಿಲ್ಲುವುದು ನನ್ನ ಪದ್ಧತಿಯಾದ್ದರಿಂದ ಮುಂದಕ್ಕೆ ನಡೆದೆ. ಅಲ್ಲಿ ಯಂತ್ರ ಜೀವಂತವಾಗಿತ್ತು. ಆದರೆ ನನಗಿಂತ ಮೊದಲೇ ಒಂದು ಗಾಡಿ ಮೇಯುತ್ತಿತ್ತು, ಇನ್ನೊಂದು ಕಾದಿತ್ತು. ಕಾದಿದ್ದ ಗಾಡಿಯಲ್ಲಿ ಒಂದು ಸಂಸಾರ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗು. ಅದರ ಯಜಮಾನರು ಮೇಯುತ್ತಿದ್ದ ಗಾಡಿಯವರನ್ನು ಮೆಲ್ಲಗೆ ಕೇಳಿದರು: ‘ಸಾರ್, ನಿಮ್ಮದು ಎಷ್ಟಾಯಿತು?’ ‘ಎಂಬತ್ತೆರಡು. ನಮಗೆ ಕಡೂರಿನವರೆಗೆ ಹೋದರೆ ಸಾಕು, ತೆಗೆದುಬಿಡುತ್ತೇನೆ ಬಿಡಿ’ ಎಂದು ಅವರು ಗನ್ನನ್ನು ಕಳಚಿ ತಾವೇ ಕೈಗೆ ಕೊಟ್ಟರು. ಆಮೇಲೆ ಸಂಸಾರದವರು ನನ್ನ ಕಡೆ ತಿರುಗಿ, ‘ನಮಗೂ ಎಪ್ಪತ್ತಾದರೆ ಸಾಕು ಸಾರ್, ನೀವು ಕಾಫಿ ಕುಡಿದು ಬನ್ನಿ’ ಎಂದರು. ಪೆಟ್ರೋಲು ಬಂಕಿನಲ್ಲಿ ಮೂವತ್ತು ವರ್ಷ ನಿಂತಿದ್ದರೂ ಮುಂದಿನವನ ಊರು ಯಾವುದೆಂದು ನಾನು ಕೇಳಿದವನಲ್ಲ.

ಈ ಮಾತುಕತೆಯಲ್ಲಿ ಚಾರ್ಜಿಂಗ್ ಕೇಂದ್ರದ ಮರ್ಯಾದೆಯೆಲ್ಲ ಅಡಗಿದೆ. ಹಿಂದೆ ಯಾರಾದರೂ ಕಾದಿದ್ದರೆ ಎಂಬತ್ತಕ್ಕೆ ಏಳಬೇಕು. ತುಂಬಿದ ಮೇಲೆ ಗಾಡಿಯನ್ನು ಅಲ್ಲೇ ಬಿಟ್ಟು ಊಟಕ್ಕೆ ಕೂರಬಾರದು. ಚಾರ್ಜು ಬೇಕಿಲ್ಲದ ಗಾಡಿಯನ್ನು ನೆರಳಿನ ಆಸೆಗೆ ಅಲ್ಲಿ ನಿಲ್ಲಿಸಬಾರದು. ತಂತಿಯನ್ನು ನೆಲದ ಮೇಲೆ ಎಸೆಯದೆ ಗೂಟಕ್ಕೆ ಸಿಕ್ಕಿಸಿ ಹೋಗಬೇಕು. ಅರವಟ್ಟಿಗೆಯಲ್ಲಿ ನೀರು ಕುಡಿದವನು ಚೆಂಬನ್ನು ತೊಳೆದಿಟ್ಟು ಹೋಗುವಷ್ಟೇ ಸಹಜವಾದ ನಡವಳಿಕೆ ಇದು.

ಕೊಟ್ಟಿಗೆ ಇಲ್ಲದವರು

ಅರವಟ್ಟಿಗೆಯ ನೀರಿಗೆ ಬೆಲೆಯಿಲ್ಲ. ಈ ನೀರಿಗೆ ಉಂಟು. ಖಾಸಗಿಯವರ ವೇಗದ ಯಂತ್ರದಲ್ಲಿ ಯೂನಿಟ್ಟಿನ ದರ ಸಾಮಾನ್ಯವಾಗಿ ಮನೆಯ ದರದ ಎರಡು ಮೂರು ಪಟ್ಟು. ಅದರ ಮೇಲೆ ನೂರಕ್ಕೆ ೧೮ರ ಜಿ.ಎಸ್.ಟಿ. ಇದೆಲ್ಲ ದುರಾಸೆಯೆಂದು ಹೇಳುವಂತಿಲ್ಲ. ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಟ್ರಾನ್ಸ್‌ಫಾರ್ಮರು, ನೆಲದ ಬಾಡಿಗೆ ಬೇರೆ. ದಿನದ ಬಹುಪಾಲು ಹೊತ್ತು ಯಂತ್ರ ಗಿರಾಕಿಯಿಲ್ಲದೆ ನಿಂತಿರುತ್ತದೆ. ವಿದ್ಯುತ್ತನ್ನು ಮಾರಲು ಕಾನೂನಿನ ಪ್ರಕಾರ ಪರವಾನಗಿ ಬೇಕು. ಗಾಡಿಗೆ ಚಾರ್ಜು ಮಾಡಿಕೊಡುವುದು ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯ ೨೦೧೮ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿದ ಮೇಲೆಯೇ ಪರವಾನಗಿಯ ತೊಡಕಿಲ್ಲದೆ ಯಾರು ಬೇಕಾದರೂ ಕೇಂದ್ರ ತೆರೆಯುವಂತಾಯಿತು.

ದೂರ ಪ್ರಯಾಣಕ್ಕೆ ವರ್ಷದಲ್ಲಿ ನಾಲ್ಕಾರು ಸಲ ಹೋಗುವ ನನ್ನಂಥವನಿಗೆ ಈ ದರ ಹೊರೆಯಲ್ಲ. ಮಿಕ್ಕ ದಿನವೆಲ್ಲ ಮನೆಯ ಗೋದಲಿ ಇದ್ದೇ ಇದೆ. ಆದರೆ ಗೋದಲಿಯೇ ಇಲ್ಲದವರ ಗತಿ? ನನ್ನ ಸ್ನೇಹಿತರೊಬ್ಬರು, ಕಾಲೇಜಿನ ಅಧ್ಯಾಪಕರು, ದೊಡ್ಡದೊಂದು ವಸತಿ ಸಮುಚ್ಚಯದಲ್ಲಿದ್ದಾರೆ. ತಮಗೆ ಗೊತ್ತಾದ ಕಂಬದ ಬಳಿ, ತಮ್ಮದೇ ಮೀಟರಿನಿಂದ, ತಮ್ಮದೇ ಖರ್ಚಿನಲ್ಲಿ ಒಂದು ಪ್ಲಗ್ಗು ಹಾಕಿಸಿಕೊಳ್ಳುತ್ತೇನೆಂದು ಸಂಘಕ್ಕೆ ಬರೆದರು. ಬೆಂಕಿಯ ಭಯ, ಲೋಡಿನ ಭಯ, ‘ಇವರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂಬ ಭಯ, ಹೀಗೆ ಮೂರು ಸಭೆ ಕಳೆದವು. ಅವರು ಕೊನೆಗೆ ಪೆಟ್ರೋಲು ಗಾಡಿಯನ್ನೇ ಕೊಂಡರು. ಬಾಡಿಗೆ ಮನೆಯವರ ಪಾಡು ಇದಕ್ಕಿಂತ ಕಷ್ಟ. ಬೀದಿಯಲ್ಲಿ ಗಾಡಿ ನಿಲ್ಲಿಸಿ ಮೂರನೆಯ ಮಹಡಿಯ ಕೋಣೆಯಲ್ಲಿ ಮಲಗುವ ಆಟೋ ಚಾಲಕನನ್ನು ಯೋಚಿಸಿ. ದಿನಕ್ಕೆ ನೂರು ಕಿಲೋಮೀಟರು ಓಡುವ ಅವನಿಗೆ ವಿದ್ಯುತ್ತಿನ ಅಗ್ಗದಿಂದ ಆಗುವ ಲಾಭ ನನಗಿಂತ ಎಷ್ಟೋ ಪಾಲು ಹೆಚ್ಚು. ಅದೇ ಅಗ್ಗದ ವಿದ್ಯುತ್ತು ಅವನಿಗೆ ಎಟುಕುವುದಿಲ್ಲ. ಬೆಂಗಳೂರಿಗರಿಗೆ ಇದು ಗುರುತಿಲ್ಲದ ಕಥೆಯೇನಲ್ಲ. ಮನೆಗೆ ಕಾವೇರಿಯ ನಲ್ಲಿ ಇರುವವನು ನೀರಿಗೆ ಕಡಮೆ ಕೊಡುತ್ತಾನೆ. ನಲ್ಲಿಯಿಲ್ಲದವನು ಟ್ಯಾಂಕರಿನವನಿಗೆ ಕೇಳಿದಷ್ಟು ಕೊಡುತ್ತಾನೆ. ನೀರಿನಲ್ಲಿ ಆದ ಅನ್ಯಾಯವನ್ನು ವಿದ್ಯುತ್ತಿನಲ್ಲಿಯೂ ಆಗಗೊಡಬೇಕೆ?

ಕಾನೂನು ಅಷ್ಟಿಷ್ಟು ಕಣ್ಣು ತೆರೆದಿದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ನಿಯಮಗಳನ್ನು ತಿದ್ದಿ, ಹೊಸ ಕಟ್ಟಡಗಳ ನಿಲುಗಡೆಯಲ್ಲಿ ನೂರಕ್ಕೆ ೨೦ ಪಾಲು ಗಾಡಿಗಳಿಗೆ ಚಾರ್ಜಿನ ಅನುಕೂಲ ಇರಬೇಕೆಂದಿತು. ೨೦೨೪ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಗಾಡಿಯನ್ನು ಚಾರ್ಜು ಮಾಡಲು ಪ್ರತ್ಯೇಕ ಸಂಪರ್ಕವನ್ನೇ ಪಡೆಯುವ ಅವಕಾಶವನ್ನು ಗ್ರಾಹಕನಿಗೆ ಕೊಟ್ಟಿವೆ. ಜರ್ಮನಿಯವರು ಇನ್ನೂ ಮುಂದೆ ಹೋಗಿದ್ದಾರೆ: ೨೦೨೦ರ ಡಿಸೆಂಬರಿನಿಂದ ಅಲ್ಲಿ ವಸತಿ ಸಮುಚ್ಚಯದ ಮಾಲೀಕನಿಗೂ ಬಾಡಿಗೆದಾರನಿಗೂ ತನ್ನ ಖರ್ಚಿನಲ್ಲಿ ಚಾರ್ಜಿನ ಪೆಟ್ಟಿಗೆ ಹಾಕಿಸಿಕೊಳ್ಳಲು ಅನುಮತಿ ಕೇಳುವ ಹಕ್ಕಿದೆ. ಬೇಡವೆನ್ನುವುದು ಸಂಘಕ್ಕೆ ಸುಲಭವಲ್ಲ. ಹೇಗೆ ಹಾಕಬೇಕೆಂದು ಗೊತ್ತುಮಾಡಬಹುದು. ಬೆಂಕಿಯ ಭಯಕ್ಕೆ ಸರಿಯಾದ ತಂತಿಯೇ ಮದ್ದು. ಲೋಡಿನ ಭಯಕ್ಕೆ, ಇರುವ ವಿದ್ಯುತ್ತನ್ನು ಸರದಿಯಂತೆ ಹಂಚುವ ಉಪಕರಣಗಳಿವೆ. ಎಲ್ಲರೂ ಕೇಳುತ್ತಾರೆಂಬ ಭಯಕ್ಕೆ ಮದ್ದಿಲ್ಲ, ಎಲ್ಲರೂ ಕೇಳಬೇಕಾದದ್ದೇ.

ಬೀದಿಯವನಿಗೆ ಬೇಕಾದುದು ಹೆದ್ದಾರಿಯ ಬೀರುವಿನಂಥ ಯಂತ್ರವಲ್ಲ. ಗಾಡಿ ಗಂಟೆಗಟ್ಟಲೆ ಸುಮ್ಮನೆ ನಿಂತಿರುವ ಕಡೆಯಲ್ಲಿ ನಿಧಾನದ, ಅಗ್ಗದ ಪ್ಲಗ್ಗು ಸಾಕು. ರೈಲು ನಿಲ್ದಾಣದ ಅಂಗಳ, ಮಾರುಕಟ್ಟೆಯ ಬದಿ, ಆಟೋ ನಿಲ್ದಾಣ, ಶಾಲೆ ಕಾಲೇಜುಗಳ ಬಯಲು, ಇವೇ ಅದರ ಸ್ಥಾನಗಳು. ಲಂಡನ್ನಿನಲ್ಲಿ ಬೀದಿದೀಪದ ಕಂಬಕ್ಕೇ ಪ್ಲಗ್ಗು ಕೂರಿಸಿದ್ದಾರೆ. ನಮಗೆ ಅವರಿಗಿಲ್ಲದ ಒಂದು ಸಂಪತ್ತೂ ಇದೆ. ಪಾವಗಡದಂಥ ಕಡೆ ಹಗಲು ಹೊತ್ತಿನಲ್ಲಿ ಬಿಸಿಲಿನಿಂದ ವಿದ್ಯುತ್ತು ಧಾರಾಳವಾಗಿ ಹುಟ್ಟುತ್ತದೆ; ಸಂಜೆಗೆ ಅದು ನಿಲ್ಲುತ್ತದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಚಾರ್ಜಿಂಗ್ ಕೇಂದ್ರಗಳಿಗೆ ಅಗ್ಗದ ದರದಲ್ಲಿ ವಿದ್ಯುತ್ತು ಕೊಡಬೇಕೆಂದು ೨೦೨೪ರ ಸೆಪ್ಟೆಂಬರಿನ ಕೇಂದ್ರ ಮಾರ್ಗಸೂಚಿ ಹೇಳುವುದು ಈ ಕಾರಣದಿಂದಲೇ. ಅದೇ ಹೊತ್ತಿನಲ್ಲಿ ನಮ್ಮ ಕಾಲೇಜುಗಳ ಹೊಂಗೆಯ ಮರದಡಿಯಲ್ಲಿ ಅಧ್ಯಾಪಕರ, ವಿದ್ಯಾರ್ಥಿಗಳ ಗಾಡಿಗಳು ಏಳು ಗಂಟೆಯ ಕಾಲ ತೂಕಡಿಸುತ್ತಿರುತ್ತವೆ. ಅಲ್ಲಿ ಒಂದು ಸಾಲು ಪ್ಲಗ್ಗು, ಪ್ರತಿಯೊಂದಕ್ಕೂ ಒಂದು ಸಣ್ಣ ಮೀಟರು ಹಾಕಿಸಿದರೆ, ಮನೆಯಲ್ಲಿ ಕೊಟ್ಟಿಗೆಯಿಲ್ಲದವನಿಗೂ ಕೊಟ್ಟಿಗೆಯಾಯಿತು, ಬಿಸಿಲಿಗೂ ಬೆಲೆ ಬಂತು.

ನಮ್ಮ ಹಳ್ಳಿಗಳಲ್ಲಿ ಬಾವಿಯ ಪಕ್ಕಕ್ಕೆ, ಸಂತೆಮಾಳದ ಅಂಚಿಗೆ ಕಲ್ಲಿನ ಬಾನಿಗಳನ್ನು ಕಟ್ಟಿಸಿರುವುದನ್ನು ಈಗಲೂ ಕಾಣಬಹುದು. ಕಟ್ಟಿಸಿದವರ ಮನೆಯಲ್ಲಿ ದನ ಇರಲಿಲ್ಲವೆಂದೇನಲ್ಲ, ಅವಕ್ಕೆ ಕೊಟ್ಟಿಗೆಯೂ ಗೋದಲಿಯೂ ಇದ್ದವು. ದಾರಿಯಲ್ಲಿ ಬರುವ, ಯಾರದೆಂದು ತಿಳಿಯದ ಎತ್ತಿಗೆ ನೀರಡಿಕೆಯಾಗುತ್ತದೆಂದು ಕಟ್ಟಿಸಿದರು. ನಮ್ಮ ಪಾಲಿನ ಬಾನಿಯನ್ನು ಕಟ್ಟಲು ಈಗ ಕಲ್ಲು ಬೇಡ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿಯೂ ಸಂಘದ ಸಭೆಯಲ್ಲಿ ‘ಆಗಲಿ’ ಎಂಬ ಒಂದು ಮಾತೂ ಸಾಕು.